ಸೋರಿದರೆ ಸೋರಲಿ ಎಂದುಕೊಂಡ ಮೇಲೆ

ಮದುವೆಗೆ ಮುಂಚೆ ಮತ್ತು ಆಮೇಲೆ ಸೇರಿ ಆರು ವರ್ಷ ನಾನು ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಘಟಕವೊಂದರಲ್ಲಿ ಚೆಕ್ಕಿಂಗ್ ಕೆಲಸ ಮಾಡಿದ್ದೇನೆ. ಹೊಲಿದು ಬಂದ ಪ್ಯಾಂಟನ್ನು ಒಳಮಗ್ಗುಲಿಗೆ ತಿರುಗಿಸಿ, ದಾರ ಬಿಟ್ಟಿದೆಯೇ, ಹೊಲಿಗೆ ಜಾರಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವಿತ್ತು. ಮಗಳು ಹುಟ್ಟಿದ ನಾಲ್ಕನೆಯ ತಿಂಗಳಲ್ಲಿ ಆ ಜಂಬ ಇಳಿಯಿತು.

ಬಾಣಂತನ ಸಿರುಗುಪ್ಪದ ತವರುಮನೆಯಲ್ಲಿ ಆಯಿತು. ಅಲ್ಲಿ ಅಪ್ಪನ ಹಳೆಯ ಪಂಚೆಗಳನ್ನು ಹರಿದು ಮಾಡಿದ ಲಂಗೋಟಿ, ಕೆಳಗೆ ಕೌದಿ, ಅಷ್ಟೆ. ಮಗು ಒದ್ದೆ ಮಾಡಿದಾಗಲೆಲ್ಲ ಅವ್ವ ಬದಲಾಯಿಸುತ್ತಿದ್ದಳು. ದಿನಕ್ಕೆ ಇಪ್ಪತ್ತು ಲಂಗೋಟಿ, ನಾಲ್ಕು ಕೌದಿ ಒಗೆಯಬೇಕಾಗುತ್ತಿತ್ತು. ಚರ್ಮಕ್ಕೆ ಮಾತ್ರ ಒಂದು ಕಲೆಯೂ ಬರಲಿಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿಗೆ ಮರಳಿದೆ. ಇಲ್ಲಿ ಹೊಸ ಹಾಸಿಗೆ, ಎರಡು ಕೋಣೆಯ ಬಾಡಿಗೆ ಮನೆ, ಒಗೆಯಲು ನಾನೊಬ್ಬಳೇ. ಲಂಗೋಟಿಯ ಮೇಲೆ ಹಾಕುವ, ಒಂದು ಹನಿಯೂ ಹೊರಗೆ ಬಿಡದ ಆರು ಕವರ್‌ಗಳನ್ನು ಮೊಬೈಲ್‌ನಲ್ಲಿ ನೋಡಿ ತರಿಸಿದೆ. ಮೇಲೆ ಆನೆ, ಮೀನು, ಐಸ್‌ಕ್ರೀಮಿನ ಚಿತ್ರ. ನಿಜಕ್ಕೂ ಒಂದು ಹನಿ ಸೋರಲಿಲ್ಲ.

ಐದನೆಯ ದಿನ ಮಗುವಿನ ತೊಡೆಯ ಸುತ್ತ ಕೆಂಪು ಬಳೆ ತೊಡಿಸಿದಂತೆ ಗೆರೆ. ಹತ್ತನೆಯ ದಿನ ಹಿಂಭಾಗವೆಲ್ಲ ಸುಟ್ಟಂತೆ. ನೀರು ಮುಟ್ಟಿಸಿದರೆ ಚೀರುತ್ತಿದ್ದಳು. ಅತ್ತೆ ಕೊಬ್ಬರಿ ಎಣ್ಣೆ ಸವರಿದರು, ನಾನು ಪೌಡರ್ ಹಾಕಿದೆ, ಎರಡೂ ಸೇರಿ ಹಿಟ್ಟು ಕಲಸಿದ ಹಾಗಾಯಿತು.

ಮಕ್ಕಳ ವೈದ್ಯರು ಮಗುವನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಆ ಕವರ್ ನೋಡಿದರು. ತೊಡೆಸಂದಿಯ ಮಡಿಕೆಗಳೊಳಗೆ ಕೆಂಪಿಲ್ಲ, ಉಬ್ಬಿದ ಕಡೆಯಲ್ಲೇ ಇದೆ, ಹಾಗಾಗಿ ಇದು ಶಿಲೀಂಧ್ರದ ಸೋಂಕಲ್ಲ, ತೇವ ಮತ್ತು ಉಜ್ಜಾಟದಿಂದ ಬಂದದ್ದು ಎಂದರು. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರವನ್ನು ಒಡೆದು ಅಮೋನಿಯಾ ಮಾಡುತ್ತವಂತೆ. ಅದರಿಂದ ಚರ್ಮದ ಸಹಜ ಹುಳಿಗುಣ ತಗ್ಗಿ, ಮಲದಲ್ಲಿನ ಜೀರ್ಣರಸಗಳು ಚರ್ಮವನ್ನೇ ಕೊರೆಯಲು ಶುರು ಮಾಡುತ್ತವೆ. ಗಾಳಿಯಾಡದ ಕಡೆ ಇದೆಲ್ಲ ಬೇಗ. ಜಿಂಕ್ ಆಕ್ಸೈಡ್ ಮುಲಾಮು ಬರೆದುಕೊಟ್ಟರು, ಪೌಡರ್ ಬೇಡವೆಂದರು, ಅದು ಮಗುವಿನ ಉಸಿರಿನೊಳಗೂ ಹೋಗುತ್ತದೆ. ಮಡಿಕೆಯೊಳಗೆ ಕೆಂಪಾಗಿ ಸುತ್ತ ಚುಕ್ಕೆಗಳು ಕಂಡರೆ ತಡಮಾಡದೆ ಮತ್ತೆ ಕರೆತರಬೇಕು ಎಂದರು. ಹೊರಡುವಾಗ ಕೇಳಿದ ಮಾತು ಮಾತ್ರ ನನಗೆ ಚುಚ್ಚಿತು: "ಹಾಸಿಗೆ ಒಣಗಿರಬೇಕೋ, ಮಗು ಒಣಗಿರಬೇಕೋ?"

ಮನೆಗೆ ಬಂದು ಕವರನ್ನು ಪ್ಯಾಂಟಿನ ಹಾಗೆ ಒಳಮಗ್ಗುಲು ತಿರುಗಿಸಿದೆ. ಕೊಳ್ಳುವ ಮುಂಚೆಯೇ ಮಾಡಬೇಕಾಗಿದ್ದ ಕೆಲಸ. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೇ ಇಟ್ಟು ಹೊಲಿದಿದ್ದರು. ತೊಡೆಯ ಹತ್ತಿರ ಬರಿಯ ರಬ್ಬರ್ ಎಲಾಸ್ಟಿಕ್ ನೇರ ಚರ್ಮಕ್ಕೆ ತಾಗುತ್ತಿತ್ತು. ಬಟ್ಟೆಯ ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ಹೊಲಿಗೆ ಒಳಕ್ಕೆ, ಅದರ ನೈಲಾನ್ ದಾರದ ತುದಿಗಳು ಮೀನಿನ ಮುಳ್ಳಿನ ಹಾಗೆ. ಇಂಥ ಪ್ಯಾಂಟ್ ನನ್ನ ಮೇಜಿಗೆ ಬಂದಿದ್ದರೆ ಅಲ್ಲೇ ವಾಪಸ್ ಕಳಿಸುತ್ತಿದ್ದೆ.

ಆಮೇಲೆ ಯಾವ ಕವರ್ ತಂದರೂ ಮೊದಲು ಒಂದು ಪರೀಕ್ಷೆ. ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ಬಿಸಿನೀರು ಹಾಕಿ, ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಹಿಡಿದು, ಮೇಲೆ ತಣ್ಣನೆಯ ಒಣ ತಟ್ಟೆಯನ್ನು ಒಂದಿಂಚು ಎತ್ತರದಲ್ಲಿ ಹಿಡಿಯುತ್ತೇನೆ. ತಟ್ಟೆಗೆ ಮಂಜು ಹಿಡಿದರೆ ಆವಿ ಹೊರಗೆ ಬರುತ್ತಿದೆ ಎಂದರ್ಥ. ಆ ಆನೆ-ಮೀನಿನ ಕವರ್ ಹಿಡಿದಾಗ ತಟ್ಟೆ ಕನ್ನಡಿಯಂತೆ ಹೊಳೆಯುತ್ತಲೇ ಇತ್ತು. ಪಾಲಿಯೆಸ್ಟರ್ ಹೆಣಿಗೆ ಬಟ್ಟೆಗೆ ಪಾಲಿಯುರೆಥೇನಿನ ತೆಳು ಪದರ ಅಂಟಿಸಿದ ಇನ್ನೊಂದು ಬಗೆಗೆ ಪಿಯುಎಲ್ ಎನ್ನುತ್ತಾರೆ. ಅದಕ್ಕೆ ನಿಧಾನವಾಗಿ, ತೆಳುವಾಗಿ ಮಂಜು ಹಿಡಿಯಿತು. ಚಳಿಗಾಲದ ಜಾಕೆಟ್ಟಿನ ಒಳಗಿರುವ ಮೆತ್ತನೆಯ ಫ್ಲೀಸ್ ಬಟ್ಟೆಗೆ ಕ್ಷಣದಲ್ಲೇ ತಟ್ಟೆ ಮಸುಕಾಯಿತು. ಅಂಗಡಿಯಲ್ಲಿ 'ಗಾಳಿಯಾಡುತ್ತದೆ' ಎಂದು ಎಲ್ಲದರ ಮೇಲೂ ಬರೆದಿರುತ್ತಾರೆ. ತಟ್ಟೆ ಸುಳ್ಳು ಹೇಳುವುದಿಲ್ಲ.

ಅತ್ತೆಯ ಸಲಹೆ ಬೇರೆಯೇ ಇತ್ತು. ಅವರ ತವರು ಕೂಡ್ಲಿಗಿಯ ಕಡೆ. "ಕಂಬಳಿ ಚೂರು ಕಟ್ಟಮ್ಮ, ನಿನ್ನ ಗಂಡ ಬೆಳೆದದ್ದೇ ಕಂಬಳಿಯ ಮೇಲೆ" ಎಂದರು. ನಕ್ಕು ಸುಮ್ಮನಾದೆ, ಆದರೆ ತಟ್ಟೆಯ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದೆ ಬಂದದ್ದು ಕಂಬಳಿಯೇ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಯೂ ಮುಟ್ಟಿದರೆ ಒದ್ದೆ ಅನ್ನಿಸದು. ಕುರಿಯ ಮೈಯ ಜಿಡ್ಡು, ಲ್ಯಾನೋಲಿನ್, ನೀರನ್ನು ತಡೆಯುತ್ತದೆ. ತೊಡಕು ಇಷ್ಟೇ: ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಕೂದಲು ಹೆಚ್ಚು, ಮೇಲೆ ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿರುತ್ತಾರೆ. ನನ್ನ ಮೊಣಕೈಗೆ ಕಟ್ಟಿಕೊಂಡು ಅರ್ಧ ಗಂಟೆ ಕೂತೆ. ಕೆರೆದು ಕೆರೆದು ಸಾಕಾಯಿತು. ಕೊನೆಗೆ ಅತ್ತೆಯ ಮಾತನ್ನು ಪೂರ್ತಿ ತೆಗೆದುಹಾಕಲೂ ಇಲ್ಲ. ಕಂಬಳಿಯನ್ನು ಕೌದಿಯ ಕೆಳಗೆ, ಹಾಸಿಗೆಯ ಮೇಲೆ ಹಾಸಿದೆವು. ರಬ್ಬರ್ ಶೀಟ್ ಅಟ್ಟಕ್ಕೆ ಹೋಯಿತು.

ಕವರನ್ನು ನಾನೇ ಹೊಲಿದೆ. ಫ್ಲೀಸ್ ಎರಡು ಪದರ, ಹೊಲಿಗೆಗಳೆಲ್ಲ ಹೊರಮಗ್ಗುಲಿಗೆ, ತೊಡೆಯ ಎಲಾಸ್ಟಿಕ್ ಅನ್ನು ಮೆತ್ತನೆಯ ಹತ್ತಿ ಪಟ್ಟಿಯೊಳಗೆ ಸೇರಿಸಿ ಸಡಿಲವಾಗಿ. ಮುಂದೆ ವೆಲ್ಕ್ರೋ ಹಾಕಲಿಲ್ಲ, ಅದರ ಮೂಲೆ ಹೊಟ್ಟೆಗೆ ಕೊರೆಯುತ್ತದೆ. ಜಬಲೆಯ ಹಾಗೆ ದಾರ ಕಟ್ಟಿದೆ. ಅಳತೆಗೆ ನನ್ನ ನಿಯಮ: ತೊಡೆಯ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಬಿಚ್ಚಿದ ಮೇಲೆ ಉಳಿದ ಗುರುತು ಕೆಲವೇ ನಿಮಿಷಗಳಲ್ಲಿ ಮಾಯವಾಗಬೇಕು. ಲಂಗೋಟಿಯ ಅಂಚು ಎಲ್ಲೂ ಕವರಿನಿಂದ ಹೊರಗೆ ಇಣುಕಬಾರದು. ಇಣುಕಿದ ಅಂಚು ದೀಪದ ಬತ್ತಿಯ ಹಾಗೆ ನೀರನ್ನು ಹೊರಗೆಳೆದು ಅಂಗಿಯನ್ನೆಲ್ಲ ತೋಯಿಸುತ್ತದೆ. ಸೋರುವುದಕ್ಕೆ ಕವರ್ ತೆಳುವಾಗಿರುವುದಕ್ಕಿಂತ ಈ ಅಂಚೇ ಹೆಚ್ಚು ಕಾರಣವೆಂದು ನನಗೆ ತಿಳಿಯಲು ಎರಡು ವಾರ ಹಿಡಿಯಿತು.

ಹೊಸ ಬಟ್ಟೆಯನ್ನು ಒಗೆಯದೆ ತೊಡಿಸಲೇಬಾರದು. ಇದು ಜೀನ್ಸ್ ಕಲಿಸಿದ ಪಾಠ. ಬಟ್ಟೆ ನುಣುಪಾಗಿ, ಗರಿಗರಿಯಾಗಿ ಕಾಣಲು ಏನೇನು ಹಚ್ಚಿರುತ್ತಾರೆ ಎಂದು ನನ್ನ ಕೈಗಳಿಗೆ ಗೊತ್ತು. ಚೆಕ್ಕಿಂಗ್ ಮಾಡಿ ಮಾಡಿ ಬೆರಳ ತುದಿ ಒಡೆಯುತ್ತಿದ್ದವು. ಮೂರು ಸಲ ಒಗೆದ ಮೇಲೇ ಮಗುವಿಗೆ.

ಇಷ್ಟಾದರೂ ಕೆಂಪು ಪೂರ್ತಿ ಹೋಗಲಿಲ್ಲ. ಒಂದು ದಿನ ಒಣಗಿದ ಲಂಗೋಟಿಗಳನ್ನು ಮಡಿಸುವಾಗ ಅವು ಹಪ್ಪಳದ ಹಾಗೆ ಗಟ್ಟಿಯಾಗಿದ್ದುದು ಗಮನಕ್ಕೆ ಬಂತು. ತವರಿನಲ್ಲಿ ಹೀಗಿರಲಿಲ್ಲ. ನಮ್ಮ ಓಣಿಯಲ್ಲಿ ಒಗೆತಕ್ಕೆ ಬೋರ್‌ವೆಲ್ ನೀರು, ಅದು ಗಡಸು. ಸೋಪಿನ ಬಿಲ್ಲೆಯಿಂದ ತಿಕ್ಕಿದರೆ ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಬಿಳಿ ಜಿಡ್ಡಾಗಿ ನೂಲಿನಲ್ಲೇ ಕೂರುತ್ತದೆ. ಆಗ ಹತ್ತಿ ನೀರನ್ನು ಸರಿಯಾಗಿ ಹೀರುವುದಿಲ್ಲ, ಚರ್ಮಕ್ಕೆ ಉಪ್ಪುಕಾಗದ ಉಜ್ಜಿದ ಹಾಗೆ. ಬಿಲ್ಲೆ ಬಿಟ್ಟು ಸುವಾಸನೆಯಿಲ್ಲದ ಡಿಟರ್ಜೆಂಟ್ ಪೌಡರ್ ಸ್ವಲ್ಪವೇ ಬಳಸಿದೆ. ನಲ್ಲಿಯಲ್ಲಿ ತುಂಗಭದ್ರೆಯ ನೀರು ಬಂದ ದಿನ ಒಂದು ಡ್ರಮ್ ಲಂಗೋಟಿಗೆಂದೇ ಮೀಸಲು. ಕೊನೆಯ ಎರಡು ಜಾಲಿಸುವಿಕೆ ಅದರಲ್ಲೇ. ನೀಲಿ ಇಲ್ಲ, ಆಂಟಿಸೆಪ್ಟಿಕ್ ದ್ರವ ಇಲ್ಲ, ಬಟ್ಟೆ ಮೃದು ಮಾಡುವ ದ್ರವವಂತೂ ಇಲ್ಲವೇ ಇಲ್ಲ. ಅದು ಬಟ್ಟೆಗೆ ಮೇಣದಂತೆ ಅಂಟಿಕೊಂಡು ಹೀರುವ ಗುಣವನ್ನೇ ಕೊಲ್ಲುತ್ತದೆ. ವಾರದೊಳಗೆ ಲಂಗೋಟಿಗಳು ಮತ್ತೆ ಪಂಚೆಯಂತಾದವು, ಚರ್ಮವೂ ಅದರ ಜೊತೆಗೇ ತಿಳಿಯಾಯಿತು.

ಒಂದು ಪಿಯುಎಲ್ ಕವರನ್ನು ಮಾತ್ರ ಪ್ರಯಾಣಕ್ಕೆಂದು ಉಳಿಸಿಕೊಂಡೆ. ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದವರ ಸೀರೆ ತೋಯಿಸುವ ಧೈರ್ಯ ನನಗಿಲ್ಲ. ಅದಕ್ಕೂ ಎರಡು ಗಂಟೆಯ ಗಡಿ. ಅದರ ಜೋಡಿಯನ್ನು ಮೇ ತಿಂಗಳ ಮಧ್ಯಾಹ್ನ ತಾರಸಿಯ ಮೇಲೆ ಒಣಹಾಕಿ ಮರೆತಿದ್ದೆ. ಸಂಜೆ ನೋಡಿದರೆ ಒಳಪದರ ಸುಟ್ಟ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತ್ತು. ಹತ್ತಿಗೆ ಬಳ್ಳಾರಿಯ ಬಿಸಿಲು ವರ, ಕವರಿಗೆ ನೆರಳೇ ಬೇಕು.

ಇನ್ನು ಕಡು ಬೇಸಿಗೆಯ ಹಗಲಿನಲ್ಲಿ ಯಾವ ಕವರೂ ಬೇಡ. ಫ್ಲೀಸ್ ಎಷ್ಟೇ ಉಸಿರಾಡಿದರೂ ಬೆಚ್ಚಗಿನ ಬಟ್ಟೆಯೇ. 40 ಡಿಗ್ರಿಯಲ್ಲಿ ಬೆವರುಸಾಲೆ ಬರುತ್ತದೆ. ಹಗಲು ಬರೀ ಲಂಗೋಟಿ, ಊಟದ ನಂತರ ಒಂದು ಗಂಟೆ ಅದೂ ಇಲ್ಲ. ರಾತ್ರಿ ಮಾತ್ರ ನಾನು ಹೊಲಿದ ಕವರ್.

ಅದು ಸೋರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಅಂಗೈಯಷ್ಟಗಲ ಕೌದಿ ಒದ್ದೆಯಾಗಿರುತ್ತದೆ. ಮಗಳಿಗೆ ಈಗ ಹನ್ನೊಂದು ತಿಂಗಳು. ತಾರಸಿಯ ದಂಡೆಯ ಮೇಲೆ ದಿನಾ ಮೂರು ಕೌದಿ ಒಣಗುತ್ತವೆ. ಎದುರುಮನೆಯವರು ಇನ್ನೂ ಕೇಳುತ್ತಾರೆ, "ಇಷ್ಟು ದಿನವಾದರೂ ಸೋರದ ಚಡ್ಡಿ ಸಿಗಲಿಲ್ಲವೇ?" ಅತ್ತೆಯೇ ಉತ್ತರ ಕೊಡುತ್ತಾರೆ: "ಸಿಕ್ಕಿತ್ತಮ್ಮ. ಅದರಲ್ಲಿ ಈಗ ಬಟ್ಟೆ ಒಣಹಾಕುವ ಕ್ಲಿಪ್ಪು ಇಟ್ಟಿದ್ದೇವೆ."