ನೆಂಟರೊಡನೆ ಬೆಟ್ಟದ ಶಿಬಿರ: ಕೊನೆಗೂ ಕೂಡಿಬಂದ ಕ್ರಮ

ದೂರದಿಂದ ರಜೆಗೆ ಬಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಜೊತೆಗೆ ಅರವತ್ತು ದಾಟಿದ ಚಿಕ್ಕಪ್ಪ, ಚಿಕ್ಕಮ್ಮ: ಈ ಗುಂಪನ್ನು ಬೆಟ್ಟಕ್ಕೆ ಹತ್ತಿಸಿ ಕೆಲವು ರಾತ್ರಿ ಟೆಂಟಿನಲ್ಲಿ ಮಲಗಿಸುತ್ತೇನೆ ಎಂದಾಗ, ನನ್ನೊಡನೆ ವರ್ಷಗಟ್ಟಲೆ ನಡೆದ ಚಾರಣಿಗರೇ ನಕ್ಕರು. ಮೊದಲ ಸಂಜೆಯೇ ಅರ್ಧ ಗುಂಪು ಕೆಳಗಿಳಿಯುತ್ತದೆ ಎಂಬುದು ಅವರ ಲೆಕ್ಕ. ಯಾರೂ ಇಳಿಯಲಿಲ್ಲ, ಕೊನೆಯ ದಿನ ಇನ್ನೊಂದು ರಾತ್ರಿ ಇರೋಣವೆಂದು ಕೇಳಿದವರು ಚಿಕ್ಕಮ್ಮ. ಅಂದು ನಕ್ಕವರಲ್ಲಿ ಒಬ್ಬರು ಈಗ ತಮ್ಮ ನೆಂಟರಿಗಾಗಿ ನನ್ನ ಸಾಮಾನಿನ ಪಟ್ಟಿಯನ್ನು ಕೇಳಿ ಪಡೆದಿದ್ದಾರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹಿಂದಿನ ಪ್ರವಾಸಗಳಲ್ಲಿ ಕೈಕೊಟ್ಟದ್ದು ಜನರಲ್ಲ, ಕ್ರಮ. ದಿನಕ್ಕೊಂದು ಕಡೆ ಟೆಂಟ್ ಹೂಡುವ ಚಾರಣಿಗರ ರೂಢಿಯನ್ನೇ ನೆಂಟರ ಮೇಲೂ ಹೇರಲಾಗುತ್ತಿತ್ತು. ಒದ್ದೆ ಟೆಂಟನ್ನು ಮಡಚಿ, ಎಲ್ಲವನ್ನೂ ಚೀಲಗಳಿಗೆ ತುರುಕಿ ಹೊರಡುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಬಿಸಿಲಲ್ಲಿ ಏರು, ಕತ್ತಲಲ್ಲಿ ಅಡುಗೆ. ಎರಡನೆಯ ದಿನಕ್ಕೆ ಹಿಮ್ಮಡಿಯಲ್ಲಿ ಬೊಬ್ಬೆ, ಮೂರನೆಯ ದಿನಕ್ಕೆ ಪರಸ್ಪರ ಮಾತಿಲ್ಲ. ಹೊರೆಯಾಳುಗಳನ್ನು ಗೊತ್ತುಮಾಡಿಕೊಂಡೂ ನೋಡಿದೆವು. ಖರ್ಚು ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಅವರು ಬಿರುಸಾಗಿ ಮುಂದೆ ಹೋದದ್ದರಿಂದ, ಮಳೆ ಸುರಿದಾಗ ನಮ್ಮ ಮಳೆಯಂಗಿಗಳೆಲ್ಲ ಅವರ ಹೊರೆಯಲ್ಲಿದ್ದವು.

ಈ ಸಲ ಒಂದೇ ಶಿಬಿರ. ನಾನು ಮತ್ತು ಭಾವ ಹಿಂದಿನ ದಿನವೇ ಟೆಂಟ್, ಸ್ಲೀಪಿಂಗ್ ಬ್ಯಾಗ್, ಸ್ಟೌಗಳನ್ನು ಹೊತ್ತು ಹತ್ತಿದೆವು. ಭಾವ ಕಾವಲಿಗೆ ಅಲ್ಲಿಯೇ ಉಳಿದರು, ನಾನು ಇಳಿದು ಬಂದೆ. ಮರುದಿನ ಉಳಿದವರ ಬೆನ್ನಿಗೆ ನೀರು, ತಿಂಡಿ, ಬೆಚ್ಚನೆಯ ಅಂಗಿ ಮತ್ತು ಮಳೆಯಂಗಿ ಮಾತ್ರ. ದೊಡ್ಡವರ ಚೀಲವೂ ನಾಲ್ಕು ಕಿಲೋ ಮೀರಿರಲಾರದು. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ನಡಿಗೆಯ ಹೊತ್ತನ್ನು ಅಂದಾಜಿಸಲು ಒಂದು ಸೂತ್ರ ಕೊಟ್ಟರು. ಅದರಂತೆ ಸುಮಾರು 6 ಕಿಲೋಮೀಟರ್ ಉದ್ದದ, 450 ಮೀಟರ್ ಏರಿನ ನಮ್ಮ ದಾರಿಗೆ ಎರಡು ಗಂಟೆ ಸಾಕು. ನಮಗೆ ಹಿಡಿದದ್ದು ನಾಲ್ಕರ ಹತ್ತಿರ. ನಾನು ಮೊದಲೇ ಇಟ್ಟುಕೊಂಡಿದ್ದೂ ನಾಲ್ಕೇ. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಚಿಕ್ಕಪ್ಪನನ್ನು ಮುಂದೆ ಬಿಟ್ಟು ನಾನು ಕಟ್ಟಕಡೆಗೆ ನಿಂತೆ. ಅರ್ಧ ಗಂಟೆ ನಡೆದ ಕೂಡಲೇ ಎಲ್ಲರ ಬೂಟು ಬಿಚ್ಚಿಸಿ, ಚರ್ಮ ಕೆಂಪಗಾದ ಕಡೆ ಟೇಪ್ ಅಂಟಿಸಿದೆ. ಬೊಬ್ಬೆ ಎದ್ದ ಮೇಲೆ ಆ ಟೇಪಿನಿಂದ ಅರ್ಧ ಪ್ರಯೋಜನವೂ ಇಲ್ಲ. ದಣಿದ ಮಕ್ಕಳನ್ನು ಕೊನೆಯ ಏರು ಹತ್ತಿಸಲು ನನ್ನದೊಂದು ಆಟವಿದೆ. ಅದನ್ನು ಬರೆದರೆ ಅಕ್ಕನ ಮಕ್ಕಳೇ ಓದಿಬಿಡುತ್ತಾರಾದ್ದರಿಂದ ಬಿಟ್ಟಿದ್ದೇನೆ.

ನಡುವಿನ ದಿನಗಳಲ್ಲಿ ಶಿಬಿರದಿಂದ ಬೇರೆ ಬೇರೆ ದಿಕ್ಕಿಗೆ ನಡೆದು, ಎಲ್ಲಿಗೆ ತಲುಪಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗುತ್ತಿದ್ದೆವು. ಬೇಡವೆನಿಸಿದವರು ಟೆಂಟಿನ ಬಳಿಯೇ ಉಳಿಯುತ್ತಿದ್ದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆದರೆ ನೆಂಟರು ಉಳಿಯುವುದೋ ಇಳಿಯುವುದೋ ತೀರ್ಮಾನವಾಗುವುದು ರಾತ್ರಿಯ ನಿದ್ದೆಯಲ್ಲಿ. ತಣ್ಣನೆಯ ಗಾಳಿ ತಗ್ಗಿನಲ್ಲಿ ಮಡುಗಟ್ಟುವುದರಿಂದ ತೊರೆಯ ದಂಡೆಯ ಸಮತಟ್ಟನ್ನು ಬಿಟ್ಟು, ನೀರಿನಿಂದ 60 ಮೀಟರಿಗೂ ಆಚೆ, ತುಸು ಎತ್ತರದಲ್ಲಿ ಟೆಂಟ್ ಹೂಡಿದ್ದೆವು. ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಲಿಮಿಟ್ (ಮುದುಡಿ ಮಲಗಿ ಹೇಗೋ ತಡೆದುಕೊಳ್ಳಬಹುದಾದ ಚಳಿ) ಎಂದಿರುವ ತಾಪಮಾನ ಪಳಗಿದವರಿಗೆ; ನೆಂಟರಿಗೆ ಆರಾಮಾಗಿ ನಿದ್ದೆ ಬರುವ ಕಂಫರ್ಟ್ ತಾಪಮಾನವನ್ನೇ ನೋಡಿ ತೆಗೆದುಕೊಂಡೆ. ಹಿಂದೊಮ್ಮೆ ಚಿಕ್ಕಮ್ಮನಿಗೆ ಒಳ್ಳೆಯ ಡೌನ್ (ಹಕ್ಕಿಯ ನಯವಾದ ಪುಕ್ಕ ತುಂಬಿದ) ಬ್ಯಾಗ್ ಕೊಟ್ಟಿದ್ದರೂ ಬೆನ್ನು ಕೊರೆದಿತ್ತು. ಮೈಭಾರಕ್ಕೆ ಅಡಿಯ ಡೌನ್ ಚಪ್ಪಟೆಯಾದರೆ ನೆಲದ ಚಳಿಯನ್ನು ತಡೆಯಬೇಕಾದದ್ದು ಮ್ಯಾಟ್. ಒಂದರ ಮೇಲೊಂದು ಹಾಕಿದ ಮ್ಯಾಟುಗಳ ಆರ್-ವ್ಯಾಲ್ಯೂ, ಅಂದರೆ ಚಳಿ ತಡೆಯುವ ಶಕ್ತಿಯ ಅಳತೆ, ಕೂಡಿಕೊಳ್ಳುವುದರಿಂದ, ಈ ಬಾರಿ ಗಾಳಿ ತುಂಬುವ ಮ್ಯಾಟಿನಡಿ ಅಗ್ಗದ ಫೋಮ್ ಮ್ಯಾಟ್ ಹಾಸಿ ಮೂರರಷ್ಟಿದ್ದದ್ದನ್ನು ಐದರ ಆಸುಪಾಸಿಗೆ ತಂದೆ. ಬೆಳಿಗ್ಗೆ ಅವರನ್ನು ನಾವೇ ಎಬ್ಬಿಸಬೇಕಾಯಿತು.

ಇದೇ ನೆಪದಲ್ಲಿ ಇನ್ನೊಂದನ್ನೂ ಪರೀಕ್ಷಿಸಿದೆ. ಒಂದೇ ಬಗೆಯ ಎರಡು ಟೆಂಟುಗಳಲ್ಲಿ ಒಂದರ ಗಾಳಿಕಿಂಡಿಗಳನ್ನು ಚಳಿಗೆಂದು ಮುಚ್ಚಿಸಿ, ಇನ್ನೊಂದರದನ್ನು ತೆರೆದಿಟ್ಟೆ. ಮುಚ್ಚಿದ ಟೆಂಟಿನಲ್ಲಿ ಮುಂಜಾವಿಗೆ ಹೊರಹೊದಿಕೆಯ ಒಳಮೈ ತುಂಬ ಹನಿಗಟ್ಟಿ, ಬೆರಳು ತಾಗಿದ ಕಡೆಯೆಲ್ಲ ನೀರು ಗೆರೆಯಾಗಿ ಇಳಿಯುತ್ತಿತ್ತು. ಭಾವನ ಸ್ಲೀಪಿಂಗ್ ಬ್ಯಾಗಿನ ಪಾದದ ಭಾಗ ಒದ್ದೆಯಾಗಿತ್ತು. ತೆರೆದದ್ದರಲ್ಲಿ ಅಂಚಿಗಷ್ಟೇ ತೇವ. ಭಾವ ಈ ಪ್ರಯೋಗವನ್ನು ಇನ್ನೂ ಕ್ಷಮಿಸಿಲ್ಲ.

ಹಣದ ವಿಷಯ. ಹಿಂದೆ ನೆಂಟರಿಗೆಂದೇ ಕೊಂಡ ಅಗ್ಗದ ಟೆಂಟುಗಳು ಅಟ್ಟದಲ್ಲಿ ಬೂಷ್ಟು ಹಿಡಿದು ಹೋದವು. ಈ ಸಲ ಟೆಂಟ್ ಮತ್ತು ಬ್ಯಾಗುಗಳೆಲ್ಲ ಬಾಡಿಗೆಗೆ. ಕೊಳ್ಳುವ ಬೆಲೆಯ ಐದನೆಯ ಒಂದು ಭಾಗದಷ್ಟರಲ್ಲಿ ಮುಗಿಯಿತು, ಗುಣಮಟ್ಟವೂ ಮೇಲು. ಉಳಿದ ಹಣದಲ್ಲಿ ಫೋಮ್ ಮ್ಯಾಟುಗಳನ್ನೂ ಚಿಕ್ಕಪ್ಪನಿಗೆ ಒಂದು ಜೊತೆ ಊರುಗೋಲನ್ನೂ ಕೊಂಡೆ. ಬೂಟುಗಳನ್ನು ಮಾತ್ರ ಬಾಡಿಗೆಗೆ ತರಬೇಡಿ. ಅವರವರ ಕಾಲಿಗೆ ಪಳಗಿದ್ದನ್ನು ಮನೆಯಿಂದಲೇ ತರಿಸಿ.

ಇಳಿಯುವ ದಿನ ಆ ಊರುಗೋಲನ್ನು ಒಂದೈದು ಸೆಂಟಿಮೀಟರ್ ಉದ್ದಮಾಡಿಕೊಟ್ಟೆ. ಚಿಕ್ಕಪ್ಪನ ಮಂಡಿ ತಕರಾರು ಮಾಡಲಿಲ್ಲ, ಆದರೆ ಇಳಿಯಲು ಹತ್ತಿದಷ್ಟೇ ಹೊತ್ತು ಬೇಕಾಯಿತು. ಅವರನ್ನು ಕೆಳಗೆ ಬಿಟ್ಟು, ಸಾಮಾನಿನ ಬಳಿ ಉಳಿದಿದ್ದ ಭಾವನನ್ನು ಕೂಡಿಕೊಳ್ಳಲು ನಾನು ಮರುದಿನ ಮತ್ತೆ ಹತ್ತಬೇಕಾಯಿತು. ಈ ಹೆಚ್ಚಿನ ದಿನದ ಬಾಡಿಗೆಯನ್ನು ಹೊರಡುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.