ಸುಟ್ಟಗಾಯದ ರೋಗಿಯ ಹೃದಯ ನೋಡುವಾಗ ಇಎಫ್ ಒಂದನ್ನೇ ನಂಬಬೇಡಿ

ಹೃದಯದ ಎಡ ವೆಂಟ್ರಿಕಲ್ (ಕೆಳಗಿನ ಕೋಣೆ) ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇ ಎಷ್ಟು ಹೊರಹಾಕುತ್ತೆ ಅನ್ನೋದೇ ಇಎಫ್. ಅದರ ಮಾತಿಗೆ ಮೊದಲು ನೀರಿನ ಲೆಕ್ಕ. ಹುಬ್ಬಳ್ಳಿಗೆ ಬರುವ ಸುಟ್ಟಗಾಯದ ರೋಗಿಗಳಲ್ಲಿ ಎಷ್ಟೋ ಜನ ರೋಣ, ಹಾನಗಲ್, ಹಿರೇಕೆರೂರು ಕಡೆಯಿಂದ ಗಂಟೆಗಟ್ಟಲೆ ಆಂಬ್ಯುಲೆನ್ಸಿನಲ್ಲಿ ಬಂದಿರುತ್ತಾರೆ. ಅದಕ್ಕೇ ಹೌಸ್ ಸರ್ಜನ್‌ಗಳು ಮೊದಲು ಕೇಳಬೇಕಾದ್ದು, ಸುಟ್ಟಿದ್ದು ಎಷ್ಟು ಗಂಟೆಗೆ? ಡ್ರಿಪ್ ಲೆಕ್ಕ ಶುರುವಾಗೋದು ಅಲ್ಲಿಂದ, ಅಡ್ಮಿಟ್ ಆದ ಹೊತ್ತಿನಿಂದಲ್ಲ. 60 ಕೆಜಿ ತೂಕ, ಮೈಯ ಶೇ 40 ಸುಟ್ಟಿದೆ ಅಂದ್ರೆ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (4 ಮಿಲಿ × ತೂಕ × ಸುಟ್ಟ ಶೇಕಡಾ) 24 ಗಂಟೆಗೆ 9,600 ಮಿಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್), ಅರ್ಧ ಮೊದಲ 8 ಗಂಟೆಗೇ. ಬೆಳಿಗ್ಗೆ 6ಕ್ಕೆ ಸುಟ್ಟವರು 10ಕ್ಕೆ ತಲುಪಿದರೆ ಉಳಿದಿರೋದು 4 ಗಂಟೆ ಮಾತ್ರ, ದಾರಿಯಲ್ಲಿ ಎಷ್ಟು ಹೋಗಿದೆ ಅಂತ ರೆಫರಲ್ ಚೀಟಿ ನೋಡಿ ಕಳೆಯಿರಿ. ಇದು ಬರೀ ಶುರುವಿನ ಅಂದಾಜು. ಆಮೇಲೆ ಮೂತ್ರ ನೋಡಿ ಏರಿಸಿ, ಇಳಿಸಿ: ದೊಡ್ಡವರಿಗೆ ಗಂಟೆಗೆ, ಕೆಜಿಗೆ 0.5 ಮಿಲಿ, ಸಣ್ಣ ಮಕ್ಕಳಿಗೆ 1 ಮಿಲಿ.

ದೊಡ್ಡವರಲ್ಲಿ ನಾಡಿ 110–120 ಇದ್ದರೆ ಗಾಬರಿ ಬೇಡ. 140 ದಾಟಿದರೆ ನೀರು ಸಾಲ್ತಿಲ್ಲವಾ, ನೋವು ಜಾಸ್ತಿಯಾ ನೋಡಿ. ಊದಿದ ತೋಳಿನ ಬಿಪಿ ನಂಬೋಕಾಗಲ್ಲ, ಆರ್ಟೀರಿಯಲ್ ಲೈನ್ (ಅಪಧಮನಿಯೊಳಗೇ ಬಿಪಿ ಅಳೆಯುವ ನಳಿಕೆ) ಹಾಕಿಸಿ.

ಈಗ ಎಕೋ, ಅಂದ್ರೆ ಹೃದಯದ ಅಲ್ಟ್ರಾಸೌಂಡ್. ಎದೆ ಸುಟ್ಟಿದ್ದರೆ ಪಕ್ಕೆಲುಬಿನ ಕೆಳಗಿಂದ ನೋಡಿ, ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್ ಬೇಕೇ ಬೇಕು. ಆದಷ್ಟು ಡ್ರೆಸ್ಸಿಂಗ್ ಬಿಚ್ಚುವ ಹೊತ್ತಿಗೇ ಹೊಂದಿಸಿಕೊಳ್ಳಿ, ಅವರಿಗೆ ಎರಡೆರಡು ಸಲ ನೋವು ಯಾಕೆ?

ಇಎಫ್ 65 ಬಂದ ಕೂಡ್ಲೆ 'ಹಾರ್ಟ್ ನಾರ್ಮಲ್' ಅಂತ ಬರೆದು ಹೋಗಬೇಡಿ, ದಯವಿಟ್ಟು. ಮೊದಲ ದಿನ ರಕ್ತದ ನೀರೆಲ್ಲ ನಾಳಗಳಿಂದ ಸೋರಿ ಎಡ ವೆಂಟ್ರಿಕಲ್ ಬರಿದಾಗಿರುತ್ತೆ, ಅದು ಎಷ್ಟೇ ಚೆನ್ನಾಗಿ ಹಿಂಡಿದರೂ ಒಳಗೆ ರಕ್ತವೇ ಕಮ್ಮಿ ಇದ್ದಾಗ ಹೊರಗೆ ಹೋಗೋದೂ ಕಮ್ಮಿಯೇ ಅಲ್ವಾ? ಹಾಗಾಗಿ ಎಲ್‌ವಿಓಟಿಯಲ್ಲಿ (ಎಡ ವೆಂಟ್ರಿಕಲ್‌ನಿಂದ ರಕ್ತ ಹೊರಹೋಗುವ ದಾರಿ) ವಿಟಿಐ (ಒಂದು ಬಡಿತಕ್ಕೆ ಅಲ್ಲಿ ರಕ್ತ ಸಾಗುವ ದೂರ) ಅಳೆಯಿರಿ. ಸಾಮಾನ್ಯವಾಗಿ 18–22 ಸೆಂಮೀ ಇರಬೇಕು. 12 ಇದ್ದು, ಸ್ವಲ್ಪ ಡ್ರಿಪ್ ಬಿಟ್ಟಾಗ ಏರಿದರೆ ನೀರು ಬೇಕಿತ್ತು. ಏರಲೇ ಇಲ್ಲ, ವೆಂಟ್ರಿಕಲ್ ತುಂಬಿಯೂ ಸರಿಯಾಗಿ ಹಿಂಡ್ತಿಲ್ಲ ಅಂದ್ರೆ ಸ್ನಾಯುವೇ ಸೋತಿದೆ, ಇನ್ನೂ ನೀರು ಸುರಿದರೆ ಶ್ವಾಸಕೋಶಕ್ಕೆ ತುಂಬುತ್ತೆ, ಸೀನಿಯರ್‌ನ ಕರೆಯಿರಿ. ವೆಂಟಿಲೇಟರ್ ಇದ್ದಾಗ, ಹೊಟ್ಟೆ ಬಿಗಿದಾಗ ಐವಿಸಿ (ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಸಿರೆ) ಅಳತೆ ದಾರಿ ತಪ್ಪಿಸುತ್ತೆ.

ಎರಡು-ಮೂರು ದಿನ ಕಳೆದ ಮೇಲೆ ಎಲ್ಲ ಉಲ್ಟಾ. ನಾಡಿ, ಔಟ್‌ಪುಟ್ (ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತ) ಎರಡೂ ಏರಲೇಬೇಕು, ಆಗ ಔಟ್‌ಪುಟ್ 'ನಾರ್ಮಲ್' ಅಂತ ಬಂದರೇ ನನಗೆ ಅನುಮಾನ. ಎಕೋ ಮತ್ತೆ ಮಾಡಿಸಿ, ಸೆಪ್ಸಿಸ್ (ಸೋಂಕಿನಿಂದ ಅಂಗಗಳಿಗೆ ಪೆಟ್ಟು ಬೀಳೋದು) ಹುಡುಕಿ.

ಪಂಪ್‌ಸೆಟ್‌ನಲ್ಲಿ ಕರೆಂಟ್ ಹೊಡೆದವರಿಗೆ ಮೇಲಿನ ಗಾಯ ಚಿಕ್ಕದಿದ್ದರೂ 12 ಲೀಡ್ ಇಸಿಜಿ ತಪ್ಪಿಸಬೇಡಿ. ಎಚ್ಚರ ತಪ್ಪಿದ್ದರೆ, ಇಸಿಜಿ ಸರಿ ಇಲ್ಲದಿದ್ದರೆ, ಹೈ ವೋಲ್ಟೇಜ್ ಆಗಿದ್ದರೆ 24 ಗಂಟೆ ಮಾನಿಟರ್. ಸುಟ್ಟ ಚರ್ಮಕ್ಕೆ ಮಾನಿಟರ್ ಎಲೆಕ್ಟ್ರೋಡ್ ಅಂಟಲ್ಲ, ಬೆನ್ನು, ಭುಜ, ತೊಡೆ ಎಲ್ಲಿ ಚರ್ಮ ಚೆನ್ನಾಗಿದೆಯೋ ಅಲ್ಲಿ ಹಚ್ಚಿ, ಜಾಗ ಬದಲಿಸಿದ್ದನ್ನು ಚಾರ್ಟಿನಲ್ಲಿ ಬರೆಯಿರಿ.