ಕ್ಯಾಟಲಾಗ್‌ನಲ್ಲಿದೆ, ಕಪಾಟಿನಲ್ಲಿಲ್ಲ: ದೊಡ್ಡ ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವುದು ಹೇಗೆ?

ದೊಡ್ಡ ಸಾರ್ವಜನಿಕ ಗ್ರಂಥಾಲಯಕ್ಕೆ ಬರುವ ಎಷ್ಟೋ ಜನ ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರು ಕಂಡು, ಕಪಾಟಿನ ಮುಂದೆ ಸ್ವಲ್ಪ ಹೊತ್ತು ತಡಕಾಡಿ, ‘ಇಲ್ಲಿ ಏನೂ ಸಿಗಲ್ಲ’ ಎಂದು ಬರಿಗೈಯಲ್ಲಿ ವಾಪಸಾಗುತ್ತಾರೆ. ಪುಸ್ತಕ ಅಲ್ಲೇ ಇರುತ್ತದೆ. ಬಹಳ ಸಲ ಅವರು ನಿಂತ ಜಾಗದಿಂದ ಗೇಣು ದೂರದಲ್ಲಿ. ಎಡವುವುದು ಕಾಲ್ ನಂಬರಿನಲ್ಲಿ, ಅಂದರೆ ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ, ಕಪಾಟಿನ ಜಾಗ ಹೇಳುವ ಸಂಖ್ಯೆಯಲ್ಲಿ: ಅರ್ಧ ಬರೆದುಕೊಳ್ಳುತ್ತಾರೆ, ಬರೆದುಕೊಂಡದ್ದನ್ನೂ ತಪ್ಪಾಗಿ ಓದುತ್ತಾರೆ.

ಹಂತ 1: ಕ್ಯಾಟಲಾಗ್‌ನಲ್ಲಿ ಹುಡುಕಿ

ಶೀರ್ಷಿಕೆಯನ್ನು ಪೂರ್ತಿ ಟೈಪ್ ಮಾಡಬೇಡಿ. ಒಂದಕ್ಷರ ತಪ್ಪಿದರೂ ಫಲಿತಾಂಶ ಸೊನ್ನೆ. ಲೇಖಕರ ಹೆಸರಿನ ಒಂದು ಪದ, ಶೀರ್ಷಿಕೆಯ ಒಂದು ಅಪರೂಪದ ಪದ, ಇಷ್ಟು ಸಾಕು. ಕನ್ನಡದಲ್ಲಿ ಟೈಪ್ ಮಾಡಿದಾಗ ಏನೂ ಬಾರದಿದ್ದರೆ ರೋಮನ್ ಲಿಪಿಯಲ್ಲೂ ಪ್ರಯತ್ನಿಸಿ, ಏಕೆಂದರೆ ಹಳೆಯ ದಾಖಲೆಗಳು ಎಷ್ಟೋ ಕಡೆ ಲಿಪ್ಯಂತರದಲ್ಲೇ ಉಳಿದಿರುತ್ತವೆ. ಐಎಸ್‌ಬಿಎನ್ (ಪ್ರಕಟವಾದ ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಹಾಕಿ ಹುಡುಕುವುದು ಸುಲಭವೆನಿಸಿದರೂ ನೆಚ್ಚಬೇಡಿ. 2007ಕ್ಕೆ ಮೊದಲು ಅದು 10 ಅಂಕಿಯದಾಗಿತ್ತು, ಈಗ 13; ಗಟ್ಟಿ ರಟ್ಟಿನ ಪ್ರತಿಗೆ ಒಂದು ಸಂಖ್ಯೆ, ಪೇಪರ್‌ಬ್ಯಾಕ್‌ಗೆ ಇನ್ನೊಂದು. ನಿಮ್ಮ ಬಳಿ ಇರುವ ಸಂಖ್ಯೆ ಗ್ರಂಥಾಲಯದ ಪ್ರತಿಯದೇ ಆಗಿರಬೇಕಿಲ್ಲ.

ಪುಸ್ತಕದ ಹೆಸರು ಗೊತ್ತಿಲ್ಲ, ವಿಷಯ ಮಾತ್ರ ಗೊತ್ತು ಅನ್ನುವವರು ಸಾಮಾನ್ಯ ಪದದಿಂದ ಶುರು ಮಾಡಿ, ಸರಿ ಎನಿಸಿದ ಒಂದು ಪುಸ್ತಕದ ದಾಖಲೆ ತೆರೆದು, ಅದರ ಕೆಳಗಿರುವ ವಿಷಯ ಶೀರ್ಷಿಕೆಯ ಮೇಲೆ ಒತ್ತಿ. ಆ ವಿಷಯಕ್ಕೆಂದು ಗ್ರಂಥಪಾಲಕರು ಗುರುತಿಸಿಟ್ಟ ಪುಸ್ತಕಗಳೆಲ್ಲ ಒಟ್ಟಿಗೆ ಬರುತ್ತವೆ, ಶೀರ್ಷಿಕೆಯಲ್ಲಿ ನಿಮ್ಮ ಪದ ಇಲ್ಲದಿದ್ದರೂ. ಇಷ್ಟು ಉಪಯುಕ್ತವಾದ ಕೊಂಡಿ ಕ್ಯಾಟಲಾಗ್‌ನಲ್ಲಿ ಬೇರೊಂದಿಲ್ಲ. ಬಳಸುವವರು ಮಾತ್ರ ಬೆರಳೆಣಿಕೆ. ಚಾಟ್‌ಬಾಟ್ ಕೊಟ್ಟ ಪುಸ್ತಕಪಟ್ಟಿ ಹಿಡಿದು ಬರುವವರಿಗೆ ಒಂದು ಮಾತು: ಅಂಥ ಪಟ್ಟಿಯಲ್ಲಿ ಯಾರೂ ಬರೆಯದ ಪುಸ್ತಕಗಳೂ ಸೇರಿಕೊಂಡಿರಬಹುದು. ಮೊದಲು ಕ್ಯಾಟಲಾಗ್‌ನಲ್ಲಿ ನೋಡಿ, ಆಮೇಲೆ ಹೊರಡಿ.

ಹಂತ 2: ನಾಲ್ಕು ವಿವರ ಬರೆದುಕೊಳ್ಳಿ

ಯಾವ ವಿಭಾಗ, ಪೂರ್ತಿ ಕಾಲ್ ನಂಬರ್, ಲೇಖಕರ ಹೆಸರು, ಪ್ರತಿಯ ಸ್ಥಿತಿ (ಲಭ್ಯವೋ, ಎರವಲು ಹೋಗಿದೆಯೋ). ಚೀಟಿಯಲ್ಲೇ ಬರೆಯಿರಿ. ಫೋನಿನಲ್ಲಿ ಫೋಟೊ ತೆಗೆಯುವವರು ಮುಖಪುಟದ ಚಿತ್ರ ತೆಗೆದು ಸಂಖ್ಯೆಯನ್ನು ಬಿಟ್ಟಿರುತ್ತಾರೆ. ಮೇಲಾಗಿ ಚೀಟಿಯನ್ನು ಪುಸ್ತಕದ ಬೆನ್ನಿನ ಪಕ್ಕ ಹಿಡಿದು ಸಾಲಿಗೆ ಸಾಲು ತಾಳೆ ನೋಡಬಹುದು. ಅಕ್ಸೆಷನ್ ನಂಬರನ್ನು ಕಾಲ್ ನಂಬರೆಂದು ಬರೆದುಕೊಳ್ಳಬೇಡಿ. ಅದು ಪುಸ್ತಕ ಗ್ರಂಥಾಲಯಕ್ಕೆ ಸೇರಿದ ಕ್ರಮದ ಸಂಖ್ಯೆ, ಕಪಾಟಿನ ಜಾಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಂತ 3: ಕಾಲ್ ನಂಬರ್ ಓದುವುದು

ಇಲ್ಲಿ ನಿಧಾನಿಸಿ. ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳು ಬಳಸುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು. ಜ್ಞಾನವನ್ನೆಲ್ಲ 000ದಿಂದ 900ರವರೆಗೆ ಹತ್ತು ವರ್ಗ ಮಾಡಿ, ಪ್ರತಿ ವರ್ಗವನ್ನು ಮತ್ತೆ ಹತ್ತು, ಮತ್ತೆ ಹತ್ತು ಎಂದು ಒಡೆಯುತ್ತಾ ಹೋಗುವ ಪದ್ಧತಿ ಅದು. 500 ವಿಜ್ಞಾನ, 590 ಪ್ರಾಣಿಗಳು, 595.7 ಕೀಟಗಳು, 595.78 ಚಿಟ್ಟೆ-ಪತಂಗಗಳ ಗುಂಪು, 595.789 ಚಿಟ್ಟೆಗಳು.

ಬಿಂದುವಿನವರೆಗಿನ ಮೂರು ಅಂಕಿಯನ್ನು ಮಾಮೂಲಿ ಸಂಖ್ಯೆಯಂತೆ ಓದಿ. ಬಿಂದುವಿನ ನಂತರ ಒಂದೊಂದೇ ಅಂಕಿ ಓದಬೇಕು. 595.789 ಎಂದರೆ ‘ಪಾಯಿಂಟ್ ಏಳು, ಎಂಟು, ಒಂಬತ್ತು’. ‘ಪಾಯಿಂಟ್ ಏಳುನೂರ ಎಂಬತ್ತೊಂಬತ್ತು’ ಅಲ್ಲ. ನೂರುಗಳ ಲೆಕ್ಕದಲ್ಲಿ ಓದಿದವರು 595.79 ಅನ್ನು 595.789ಕ್ಕಿಂತ ಮೊದಲು ಬರುವ ಜಾಗದಲ್ಲಿ ಹುಡುಕುತ್ತಾರೆ, ಏಕೆಂದರೆ 79 ಚಿಕ್ಕದು, 789 ದೊಡ್ಡದು ಎಂಬ ಲೆಕ್ಕ ತಲೆಯಲ್ಲಿರುತ್ತದೆ. ಕಪಾಟಿನ ಕ್ರಮ ಹೀಗಿರುತ್ತದೆ: 595.7, 595.76, 595.78, 595.789, 595.79, 595.799. ಅಂಕಿ ಹೆಚ್ಚಾದಷ್ಟೂ ವಿಷಯ ಸಣ್ಣದಾಗುತ್ತದೆ. ಅನುಮಾನ ಬಂದರೆ ಕೊನೆಗೆ ಸೊನ್ನೆ ಸೇರಿಸಿ ಉದ್ದ ಸಮ ಮಾಡಿಕೊಳ್ಳಿ: 595.790 ಮತ್ತು 595.789. ಯಾವುದು ಮೊದಲು ಎಂಬುದು ತಾನಾಗಿ ಕಾಣುತ್ತದೆ.

ಸಂಖ್ಯೆಯ ಕೆಳಗಿನ ಸಾಲಿನಲ್ಲಿ ಲೇಖಕರ ಗುರುತು ಇರುತ್ತದೆ, ಸಾಮಾನ್ಯವಾಗಿ ಹೆಸರಿನ ಮೊದಲ ಅಕ್ಷರಗಳು. ಇದನ್ನು ಬಿಟ್ಟು ಬರುವವರೇ ಹೆಚ್ಚು. ಚಿಟ್ಟೆಗಳ ಪುಸ್ತಕ ಐದಾರು ಇದ್ದರೆ ಹೇಗೋ ನಡೆಯುತ್ತದೆ. ಆದರೆ 894.814 ಕನ್ನಡ ಸಾಹಿತ್ಯದ ಸಂಖ್ಯೆ; ಅದಕ್ಕೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥೆ-ಕಾದಂಬರಿ. 894.8143 ಎಂದಷ್ಟೇ ಬರೆದುಕೊಂಡು ಹೋದವರ ಎದುರು ಗೋಡೆಯುದ್ದ ಕಾದಂಬರಿಗಳು ನಿಂತಿರುತ್ತವೆ. ಅಲ್ಲಿ ದಾರಿ ತೋರಿಸುವುದು ಲೇಖಕರ ಗುರುತೊಂದೇ.

ಸಂಖ್ಯೆಯ ಮೇಲೆ ಬೇರೆ ಅಕ್ಷರವೋ ಪದವೋ ಇದ್ದರೆ ಅದು ವಿಭಾಗದ ಸೂಚನೆ: ಪರಾಮರ್ಶನ (ಅಲ್ಲೇ ಕುಳಿತು ನೋಡುವ ಪುಸ್ತಕಗಳು), ಮಕ್ಕಳ ವಿಭಾಗ, ದೊಡ್ಡ ಗಾತ್ರದ ಪುಸ್ತಕ. ಸಂಖ್ಯೆ ಸರಿಯಿದ್ದು ಕಪಾಟೇ ತಪ್ಪಾಗುವುದು ಇದನ್ನು ಗಮನಿಸದಿದ್ದಾಗ. ಭಾರತದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ 1933ರ ಕಾಲನ್ ವರ್ಗೀಕರಣ ಎಂಬ ಇನ್ನೊಂದು ಪದ್ಧತಿ ಬಳಸುವ ಕಡೆ ಓದುವ ನಿಯಮ ಬೇರೆ. ಅಲ್ಲಿ ಕೌಂಟರಿನಲ್ಲಿ ಕೇಳಿ ತಿಳಿದುಕೊಂಡೇ ಮುಂದೆ ಹೋಗಿ.

ಒಂದು ವಿಷಯಕ್ಕೆ ಒಂದೇ ಜಾಗ ಎಂದೂ ತಿಳಿಯಬೇಡಿ. ಜೇನುನೊಣ ಪ್ರಾಣಿಶಾಸ್ತ್ರವಾಗಿ 595.799ರಲ್ಲಿ, ಜೇನು ಸಾಕಣೆ ಕೃಷಿಯಾಗಿ 638.1ರಲ್ಲಿ. ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ಕಲಿಯಬೇಕಾದವರು ಕೀಟಗಳ ಕಪಾಟನ್ನು ದಿನವಿಡೀ ಜಾಲಾಡಿದರೂ ಪ್ರಯೋಜನವಿಲ್ಲ. ಹಾಗೆಯೇ ಕಂಪ್ಯೂಟರ್ ಪುಸ್ತಕಗಳು ಈಗ 004ರಿಂದ 006ರಲ್ಲಿವೆ, ಹಳೆಯವು 001.64ರಲ್ಲೇ ಉಳಿದಿರಬಹುದು. ವರ್ಗೀಕರಣ ಪರಿಷ್ಕಾರವಾದಾಗ ಹಳೆಯ ಪುಸ್ತಕಗಳ ಚೀಟಿಯನ್ನೆಲ್ಲ ಬದಲಿಸುವಷ್ಟು ಕೈಗಳು ಎಲ್ಲ ಗ್ರಂಥಾಲಯಗಳಲ್ಲೂ ಇರುವುದಿಲ್ಲ.

ಹಂತ 4: ಕಪಾಟಿನ ಮುಂದೆ

ಸಾಲಿನ ತುದಿಯ ಫಲಕದಲ್ಲಿ ಆ ಸಾಲಿನ ಮೊದಲ ಮತ್ತು ಕೊನೆಯ ಸಂಖ್ಯೆ ಇರುತ್ತದೆ. ನಿಮ್ಮದು ಆ ನಡುವೆ ಬರಬೇಕು. ಒಳಗೆ ಹೋದ ಮೇಲೆ ಒಂದು ಕಪಾಟನ್ನು ಮೇಲಿನ ಹಲಗೆಯಿಂದ ಕೆಳಗಿನ ಹಲಗೆವರೆಗೆ ಪೂರ್ತಿ ನೋಡಿ, ನಂತರ ಪಕ್ಕದ ಕಪಾಟಿಗೆ ಹೋಗಿ. ಎಲ್ಲ ಕಪಾಟುಗಳ ಮೇಲಿನ ಹಲಗೆಯನ್ನೇ ಉದ್ದಕ್ಕೆ ನೋಡುತ್ತಾ ನಡೆದರೆ ಸಂಖ್ಯೆಗಳು ಹಾರಿ ಹಾರಿ ಬರುತ್ತವೆ, ಪುಸ್ತಕಗಳು ಕಲಸಿಹೋಗಿವೆ ಎಂದು ಸಿಬ್ಬಂದಿಯನ್ನು ದೂರುವಂತಾಗುತ್ತದೆ.

‘ಲಭ್ಯ’ ಎಂದರೆ ಯಾರೂ ಎರವಲು ಪಡೆದಿಲ್ಲ ಎಂದಷ್ಟೇ ಅರ್ಥ. ಜಾಗದಲ್ಲಿ ಇಲ್ಲದಿದ್ದರೆ ಅದೇ ಹಲಗೆಯ ಪುಸ್ತಕಗಳ ಹಿಂದೆ ಕೈಹಾಕಿ ನೋಡಿ, ಜಾರಿ ಬಿದ್ದಿರುತ್ತವೆ. ನಂತರ ಮೇಲಿನ, ಕೆಳಗಿನ ಹಲಗೆ. ನಂತರ ವಾಪಸ್ ಬಂದ ಪುಸ್ತಕಗಳ ಟ್ರಾಲಿ. ಆಮೇಲೆ ಅಂಕಿ ಅದಲುಬದಲಾದ ಜಾಗ: 595.78 ಬೇಕಿದ್ದರೆ 595.87. ಅಲ್ಲೂ ಇಲ್ಲವೆಂದರೆ ಸಿಬ್ಬಂದಿಗೆ ತಿಳಿಸಿ, ಅವರು ಹುಡುಕಾಟದ ಪಟ್ಟಿಗೆ ಸೇರಿಸುತ್ತಾರೆ.

ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆಯಬೇಡಿ. ಅಕ್ಕಪಕ್ಕದ ಎರಡನ್ನು ಒಳಕ್ಕೆ ತಳ್ಳಿ, ಬೆನ್ನಿನ ನಡುಭಾಗ ಹಿಡಿದು ತೆಗೆಯಿರಿ. ಗುರುತಿಗೆ ಅಂಟು ಚೀಟಿ ಬೇಡ, ಕಿತ್ತ ಮೇಲೂ ಅಂಟು ಉಳಿದು ದೂಳು ಹಿಡಿಯುತ್ತದೆ. ಬರೀ ಕಾಗದದ ಪಟ್ಟಿ ಇಡಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಅದು ವರ್ಷಗಳಲ್ಲಿ ಹಳದಿಯಾಗಿ ಅಕ್ಷರಗಳನ್ನೇ ಹಾಳುಮಾಡುತ್ತದೆ. ಹರಿದಿದ್ದನ್ನು ಹಾಗೇ ಕೌಂಟರಿಗೆ ಕೊಡಿ.

ಓದಿ ಮುಗಿದ ಪುಸ್ತಕವನ್ನು ನೀವೇ ಕಪಾಟಿಗೆ ಸೇರಿಸಬೇಡಿ. ತಪ್ಪು ಹಲಗೆಗೆ ಹೋದ ಪುಸ್ತಕ ಇದ್ದೂ ಇಲ್ಲದಂತೆ. ಮೇಜಿನ ಮೇಲೋ ಟ್ರಾಲಿಯಲ್ಲೋ ಬಿಡಿ. ಎಷ್ಟೋ ಕಡೆ ಅಲ್ಲಿ ಬಿಟ್ಟ ಪುಸ್ತಕಗಳನ್ನು ಎಣಿಸಿ ಬಳಕೆಯ ಲೆಕ್ಕ ಇಡುತ್ತಾರೆ.

ಹಂತ 5: ಕಪಾಟಿಗೆ ಬಾರದ ಸಂಗ್ರಹ

ಪ್ರಾದೇಶಿಕ ಗ್ರಂಥಾಲಯದ ನಿಜವಾದ ಆಸ್ತಿ ಒಳಗಿನ ಉಗ್ರಾಣದಲ್ಲಿರುತ್ತದೆ: ಬೈಂಡ್ ಮಾಡಿದ ಹಳೆಯ ನಿಯತಕಾಲಿಕೆಗಳು, ಪತ್ರಿಕೆಗಳ ಮೈಕ್ರೋಫಿಲ್ಮ್, ಗೆಜೆಟಿಯರ್ (ಜಿಲ್ಲೆಯ ಊರು, ಇತಿಹಾಸಗಳ ಸರ್ಕಾರಿ ವಿವರಗ್ರಂಥ), ನಕ್ಷೆ, ಸ್ಥಳೀಯ ಸಂಘಸಂಸ್ಥೆಗಳ ಕಿರುಹೊತ್ತಗೆಗಳು. ಬೇಡಿಕೆ ಚೀಟಿ ಬರೆದುಕೊಟ್ಟರೆ ತಂದುಕೊಡುತ್ತಾರೆ. ನಿಯತಕಾಲಿಕೆಗೆ ಹೆಸರಿನ ಜೊತೆ ಸಂಪುಟ, ಸಂಚಿಕೆ, ವರ್ಷ ಬರೆಯದಿದ್ದರೆ ಚೀಟಿ ವಾಪಸ್ ಬರುತ್ತದೆ. ಇವನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಟಿಪ್ಪಣಿಗೆ ಪೆನ್ಸಿಲ್ ತನ್ನಿ.

ಪರಾಮರ್ಶನ ಮೇಜಿನಲ್ಲಿ ‘ಇತಿಹಾಸದ ಪುಸ್ತಕ ಎಲ್ಲಿದೆ?’ ಎಂದು ಕೇಳಿದರೆ ಕಪಾಟಿನತ್ತ ಬೆರಳು ತೋರಿಸುತ್ತಾರೆ. ‘ನಮ್ಮೂರ ಕೆರೆ ಯಾವಾಗ ಕಟ್ಟಿದ್ದು ಎಂದು ತಿಳಿಯಬೇಕು’ ಎಂದು ಕೇಳಿ, ಗೆಜೆಟಿಯರೇ ಮೇಜಿಗೆ ಬರುತ್ತದೆ.

ಹಂತ 6: ಅಲ್ಲಿ ಇಲ್ಲವೇ ಇಲ್ಲವಾದರೆ

ಗ್ರಂಥಾಲಯದ ಬೇರೆ ಶಾಖೆಯಲ್ಲಿದ್ದರೆ ಕಾಯ್ದಿರಿಸಿ. ಯಾವ ಶಾಖೆಯಲ್ಲೂ ಇಲ್ಲದಿದ್ದರೆ ಅಂತರ ಗ್ರಂಥಾಲಯ ಎರವಲಿಗೆ, ಅಂದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಡಲು, ಅರ್ಜಿ ಕೊಡಿ. ಲೇಖಕ, ಶೀರ್ಷಿಕೆ, ಪ್ರಕಾಶಕರು, ವರ್ಷ, ಯಾವ ಆವೃತ್ತಿ ಎಲ್ಲವೂ ಬೇಕು. ಯಾವ ಆವೃತ್ತಿಯಾದರೂ ಆದೀತು ಎನ್ನುವುದಾದರೆ ಅದನ್ನೂ ಅರ್ಜಿಯಲ್ಲೇ ಬರೆಯಿರಿ, ಪುಸ್ತಕ ಬೇಗ ಸಿಗುತ್ತದೆ.